ಮುಳ್ಳುಕಂಟಿಯ ಕೆಳಗಿದ್ದ ಕೂಸು

೧೯೫೮ರ ಶ್ರಾವಣದಲ್ಲಿ ಅಂಕಲಗಿಯ ಕುರುಬರ ರಾಯವ್ವ ಕಂಬಳಿಯಲ್ಲಿ ಸುತ್ತಿದ ಚಿತ್ರವೊಂದನ್ನು ಗೋಕಾಕಕ್ಕೆ ತಂದಳು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಸೋಮಪ್ಪ ಮಾಸ್ತರರು ಹಳೆಯ ಚಿತ್ರ ನೋಡಿ ಬೆಲೆ ಹೇಳುತ್ತಾರೆ, ರಿಪೇರಿಯನ್ನೂ ಮಾಡುತ್ತಾರೆ ಎಂದು ಯಾರೋ ಹೇಳಿದ್ದರು.

ಜಲವರ್ಣದಲ್ಲಿ ಬರೆದ ತೋಳ. ಬಂಡೆಯ ಮೇಲೆ ನಿಂತು ಕೆಳಗಿನ ಮುಳ್ಳುಕಂಟಿಯ ಕಡೆ ನೋಡುತ್ತಿತ್ತು.

"ನನ್ನ ಗಂಡ ಮಾಳಪ್ಪ ಚಿತ್ರಾ ಬರಿಯೋ ಒಬ್ಬ ಸಾಹೇಬನ ಸಾಮಾನ ಹೊರತಿದ್ದ್ರಿ. ಸಾಹೇಬ ದೇಶಾ ಬಿಡುವಾಗ ಇದನ್ನ ಕೊಟ್ಟು ಹ್ವಾದ. ಗಂಡ ಹ್ವಾದ ತಿಂಗಳ ತೀರಿಕೊಂಡ. ಸಂಕೇಶ್ವರದವರೊಬ್ಬರು ಕೊಳ್ಳಾಕ ಬಂದಾರ. ಇದಕ್ಕ ಬೆಲಿ ಐತೇನ್ರಿ ಮಾಸ್ತರ್ರ?"

ಮಾಸ್ತರರು ಕಿಟಕಿಯ ಬೆಳಕಿಗೆ ಹಿಡಿದರು. ಕಾಗದಕ್ಕೆ ಬೂಸು ಹಿಡಿದಿತ್ತು, ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಆದರೂ ತೋಳದ ಮೈಗೂದಲು ಗಾಳಿಗೆ ಅಲುಗಿದಂತಿತ್ತು.

"ಪಳಗಿದ ಕೈ ಯವ್ವಾ. ಬೆಲಿ ಐತಿ. ಖರೆ, ಈ ಮುಳ್ಳುಕಂಟಿ ಸಾಹೇಬಂದಲ್ಲ. ಯಾರೋ ಆಮ್ಯಾಲ ಜಾಲಿ ಅಂಟಿನಾಗ ಬಣ್ಣಾ ಕಲಸಿ ಬಳದಾರ."

"ಹಂಗಾರ ಅದನ್ನ ತಗದು ಬಿಡ್ರಿ."

ನೀರು ಮುಟ್ಟಿಸಿದರೆ ಕೆಳಗಿನ ಬಣ್ಣವೂ ಎದ್ದು ಬರುತ್ತದೆ. ಹಾಗಾಗಿ ಮಾಸ್ತರರು ಮೊಂಡು ಸೂಜಿಯಿಂದ ಅಂಟಿನ ಹಕ್ಕಳೆಗಳನ್ನು ಒಂದೊಂದಾಗಿ ಎಬ್ಬಿಸಿದರು. ಐದನೆಯ ದಿನ ಸಣ್ಣ ಪಾದವೊಂದು ಕಂಡಿತು. ಅದಕ್ಕೊಂದು ಬೆಳ್ಳಿ ಕಡಗ. ಇನ್ನೊಂದು ಕಾಲು ಬರಿದು. ವಾರ ಕಳೆಯುವಷ್ಟರಲ್ಲಿ ಕೆಂಪು ಕುಂಚಿಗೆ ತೊಟ್ಟ ಎರಡು ವರ್ಷದ ಕೂಸು ಪೂರ್ತಿ ಕಂಡಿತು. ತೋಳ ನೋಡುತ್ತಿದ್ದದ್ದು ಅದನ್ನೇ.

ಅಂದಿನಿಂದ ಮಾಸ್ತರರು ಆ ಚಿತ್ರಕ್ಕೆ ಬೆನ್ನು ಮಾಡಿ ಕೂರಲಿಲ್ಲ.

ಸಂತೆಯ ದಿನ ಬಂದ ರಾಯವ್ವ ಚಿತ್ರವನ್ನು ನೋಡಿದವಳು ಕೂಸಿನ ಕಡಗದ ಮೇಲೆ ಬೆರಳಿಟ್ಟಳು.

"ನಮ್ಮ ಪಾರವ್ವ. ಒಂದು ಕಡಗ ಹಳ್ಳದಾಗ ಕಳದಿತ್ತು. ಚಿತ್ರದ ಹಿಂದ ಏನರ ಬರದಾರೇನ್ರಿ?"

"ಇಪ್ಪತ್ತೆರಡು ಮಾರ್ಚ್, ನಲವತ್ಮೂರು."

"ಹೋಳಿ ಹುಣ್ಣಿವಿ ಮರುದಿನ. ಅವತ್ತ ಕೂಸು ಹ್ವಾದದ್ದು. ನಾನು ಜ್ವರದಾಗ ಮಲಗಿದ್ದೆ. ನೀ ಮಲಗಿದ್ದಾಗ ಕೂಸು ಹೊರಗ ಹೋಗಿ ತೋಳದ ಬಾಯಿಗೆ ಬಿತ್ತು ಅಂದ ಗಂಡ. ಊರೂ ಅದನ್ನ ಅಂತು. ಹದಿನೈದು ವರ್ಷ." ಅವಳ ದನಿ ಏರಲಿಲ್ಲ. "ಸಾಹೇಬನ ಚಿತ್ರಕ್ಕಂತ ಕೂಸಿನ್ನ ಗುಡ್ಡಕ್ಕ ಒಯ್ದಾಂವ ಅವನ. ಕಂಟಿ ಬಳದು ಮುಚ್ಚಿದಾಂವನೂ ಅವನ."

ಆಮೇಲೆ ತೋಳದ ಕಡೆ ನೋಡಿ ಕೇಳಿದಳು: "ಸಾಹೇಬ ಕಣ್ಣಾರೆ ನೋಡಕೋತ ಬರದನೇನ್ರಿ?"

"ತೋಳಾನ್ನ ಆಮ್ಯಾಲ ಬರದಿರಬೇಕು ಯವ್ವಾ," ಎಂದರು ಮಾಸ್ತರರು. ಆದರೆ ಕೂಸಿನ ಮೇಲೂ ತೋಳದ ಮೇಲೂ ಬಿದ್ದ ಬಿಸಿಲು ಒಂದೇ ಹೊತ್ತಿನದೆಂದು ಅವರಿಗೆ ಗೊತ್ತಿತ್ತು.

ಅವಳು ಮಾರಲಿಲ್ಲ. ಮಾಸ್ತರರು ಬೂಸು ಒರೆಸಿ, ಗಾಜು ಹಾಕಿ, ಚೌಕಟ್ಟು ಕಟ್ಟಿಕೊಟ್ಟರು. ಊರಲ್ಲಿ ಅವಳು ಗಂಡನ ಅಣ್ಣ ಕರೆಪ್ಪನನ್ನೂ ಹಿರಿಯರನ್ನೂ ಕರೆದು ಚಿತ್ರ ತೋರಿಸಿದಳಂತೆ. ಮರುದಿನ ಕರೆಪ್ಪ ಒಬ್ಬನೇ ಬಂದು ಅವಳ ಕಾಲು ಮುಟ್ಟಿ ಹೋದನಂತೆ.

ಎರಡು ಮಳೆಗಾಲದ ನಂತರ, ಚಿತ್ರಕ್ಕೆ ತೇವ ತಗುಲಿದೆಯೋ ಎಂದು ನೋಡಲು ಮಾಸ್ತರರು ಅಂಕಲಗಿಗೆ ಹೋದರು. ಗಾಜು ಇರಲಿಲ್ಲ. ಕೂಸಿನ ಮುಖದಲ್ಲಿ ಬಣ್ಣ ಸವೆದು ಬಿಳಿ ಕಾಗದ ಕಾಣುತ್ತಿತ್ತು.

"ಮುಟ್ಟಿದರ ಅಳಿಸಿ ಹೋಗತೈತಿ ಯವ್ವಾ."

"ಗೊತ್ತೈತ್ರಿ," ಎಂದು ರಾಯವ್ವ ಚಹಾ ಕೊಟ್ಟಳು. ಮಾಸ್ತರರು ಚಹಾ ಕುಡಿದರು. ಗೋಡೆಯ ಮೇಲಿನ ತೋಳದ ಒಂದು ಕೂದಲೂ ಮಾಸಿರಲಿಲ್ಲ.