ಒಂಬತ್ತು ವಾಕ್ಯಗಳ ವರದಿ

ನನ್ನ ತಮ್ಮ ಸಿಲ್ವಿಯು ಸತ್ತ ನಲವತ್ತನೇ ದಿನದ ಪ್ರಾರ್ಥನೆ ಮುಗಿಸಿ ಇಗರ್ಜಿಯಿಂದ ಬಂದಿದ್ದೆ. ಸತ್ತವನ ಹೆಸರಲ್ಲಿ ಸಿಹಿಗೋಧಿ ಹಂಚಿದ ತಟ್ಟೆಗಳನ್ನು ತೊಳೆಯುತ್ತಿರುವಾಗ ಮರ ಕೊಯ್ಯುವ ಮಿಲ್ಲಿನ ಮೇಸ್ತ್ರಿ ನೇಲು ಬಾಗಿಲಲ್ಲಿ ನಿಂತಿದ್ದ. ಅವನೂ ಸಿಲ್ವಿಯುವೂ ನಾನು ಇಂಗ್ಲಿಷ್ ಕಲಿಸುವ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಮಿಲ್ಲಿಗೆ ಸೇರಿದವರು. ಸಿಲ್ವಿಯು ಸತ್ತದ್ದು ಅಲ್ಲೇ, ಗರಗಸಕ್ಕೆ ಸಿಕ್ಕಿ.

"ಔರಿಕಕ್ಕಾ, ಆವತ್ತಿನ ಅವಘಡದ ವರದಿ ನೋಡಿಕೊಡ್ತೀಯಾ? ಮಾಲೀಕರು ಹೊರದೇಶದೋರು. ರುಮೇನಿಯನ್ನಲ್ಲಿ ಬರೆದ್ರೆ ಅವರಿಗೆ ಓದಕ್ಕೆ ಬರಲ್ಲ. ನನ್ನ ಇಂಗ್ಲಿಷು ನಿಂಗೊತ್ತಲ್ಲ, ನೀನೇ ಕಿವಿ ಹಿಂಡಿ ಕಲಿಸಿದ್ದು."

ನನಗೆ ಏನೂ ಅನಿಸಲಿಲ್ಲ. ಕೈ ಒರೆಸಿಕೊಂಡು ಕೆಂಪು ಪೆನ್ನು ತೆಗೆದುಕೊಂಡೆ. ಒಂಬತ್ತು ವಾಕ್ಯಗಳಿದ್ದವು. ಮೂರನೆಯದರಲ್ಲಿ 'ವಾಸ್ ಟುಕ್' ಎಂದಿತ್ತು.

"ಇಲ್ಲಿ ಟೇಕನ್ ಬರಬೇಕು. ಕರ್ಮಣಿಯಲ್ಲಿ ಕ್ರಿಯಾಪದದ ಮೂರನೇ ರೂಪ. ಹತ್ತು ಸಲ ಬರೆಸಿದ್ದೆ ನಿಂಗೆ."

"ಹತ್ತಲ್ಲಕ್ಕ, ಐವತ್ತು."

ತಿದ್ದುತ್ತಾ ಹೋದೆ. ಗರಗಸದ ಸುರಕ್ಷಾ ಮುಚ್ಚಳವನ್ನು ತೆಗೆಯಲಾಗಿತ್ತು. ಎಚ್ಚರಿಕೆಯ ಫಲಕವನ್ನು ಹಾಕಲಾಗಿರಲಿಲ್ಲ. ಕೆಲಸವನ್ನು ಮುಂದುವರಿಸಲಾಯಿತು. ಒಂಬತ್ತನೆಯದು ಮಾತ್ರ ಕರ್ತರಿಯಲ್ಲಿತ್ತು: ಸಿಲ್ವಿಯು ಎಚ್ಚರಿಕೆಯಿಲ್ಲದೆ ಕೈ ಹಾಕಿದನು.

"ನೇಲು, ಎಂಟು ವಾಕ್ಯದಲ್ಲಿ ಯಾರು ಮಾಡಿದ್ದು ಅಂತಾನೇ ಇಲ್ಲ. ಕೊನೇದಕ್ಕೆ ಮಾತ್ರ ಹೆಸರಿದೆ."

"ಮ್ಯಾನೇಜರು ಹಾಗೇ ಬರಿ ಅಂದ್ರು."

"ಮುಚ್ಚಳ ಯಾರು ತೆಗೆದದ್ದು?"

ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ನಾನೇ ಅಕ್ಕ. ಕೆಲಸ ನಿಧಾನ ಆಗ್ತಿದೆ, ಕಿತ್ತು ಬಿಸಾಕು ಅಂದ್ರು ಮ್ಯಾನೇಜರು. ಕಿತ್ತೆ."

ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ: "ಎಂಟನ್ನೂ ಕರ್ತರಿಗೆ ಬದಲಾಯಿಸು. ಯಾರು ಮಾಡಿದ್ರೋ ಅವರ ಹೆಸರು ಮೊದಲು ಬರಲಿ. ಒಂಬತ್ತನೇದು ಹೊಡೆದು ಹಾಕು."

"ನನ್ನ ಕೆಲಸ ಹೋಗುತ್ತೆ."

"ಹೋಗಬಹುದು. ಬರಿ. ತಪ್ಪಿದ್ರೆ ತಿದ್ದಿಕೊಡ್ತೀನಿ."

ಒಂದು ಗಂಟೆ ಹಿಡಿಯಿತು. ಹುಳಿ ಸೂಪು ಬಿಸಿ ಮಾಡಿ ಅವನ ಮುಂದಿಟ್ಟೆ, ಮುಟ್ಟಲಿಲ್ಲ. 'ನಾನು ತೆಗೆದೆ' ಎನ್ನುವಲ್ಲಿ ಪೆನ್ನು ತುಂಬ ಹೊತ್ತು ನಿಂತಿತು. ಸಹಿ ಹಾಕಿದ ಮೇಲೆ ಅತ್ತ. ನಾನು ನೋಡುತ್ತಾ ಕೂತಿದ್ದೆ.

ಮಾಲೀಕರಿಗೊಂದು, ಜಿಲ್ಲಾ ಕಾರ್ಮಿಕ ಕಚೇರಿಗೊಂದು ಪ್ರತಿಯನ್ನು ಅವನೇ ಕಳಿಸಿದ. ಹಿಮ ಬೀಳುವ ಹೊತ್ತಿಗೆ ಮ್ಯಾನೇಜರನ ಮೇಲೆ ಮೊಕದ್ದಮೆ ಹೂಡಿದರು. ನೇಲುವಿನ ಕೆಲಸ ಹೋಯಿತು. ಕೆಲಸ ಹುಡುಕಿಕೊಂಡು ಇಟಲಿಯ ಬಸ್ಸು ಹತ್ತುವ ಮುಂಚೆ ಅವನು ನನ್ನ ಮನೆಗೆ ಬರಲಿಲ್ಲ.

ತಮ್ಮನ ಹೆಂಡತಿ ಶಾಲೆಗೇ ಫೋನು ಮಾಡಿದಳು. "ಇವರದ್ದೇನೂ ತಪ್ಪಿಲ್ಲ ಅಂತ ಕಾರ್ಮಿಕ ಕಚೇರಿಯೋರು ಬರೆದುಕೊಟ್ರು, ಅತ್ತಿಗೆ," ಎಂದು ಬಿಕ್ಕಿದಳು.

"ಒಳ್ಳೇದಾಯ್ತು," ಎಂದೆ.

ತರಗತಿಯಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದರು. ಒಳಗೆ ಹೋಗದೆ ಮೊಗಸಾಲೆಯ ಕಿಟಕಿಗೆ ಹಣೆ ಒತ್ತಿ ನಿಂತೆ. ಗಾಜು ಚಳಿಗೆ ಕೊರೆಯುತ್ತಿತ್ತು. ಅಷ್ಟು ಗೊತ್ತಾಯಿತು.