ಅರಳಗುಪ್ಪೆ ಲೈನಿನ ಟವೆಲ್ಲು

ತಿಪಟೂರು ಸೀಮೆಯಲ್ಲಿ ಗಾಳಿ ಎದ್ದರೆ ಮೊದಲು ಬೀಳುವುದು ತೆಂಗಿನ ಗರಿ, ಅದರ ಹಿಂದೆಯೇ ಹೋಗುವುದು ಕರೆಂಟು. ತೋಟಗಳ ಮೇಲೆ ಹಾದುಹೋದ ತಂತಿಗೆ ಗರಿ ತಗುಲಿದರೆ ಸಬ್‌ಸ್ಟೇಷನ್ನಿನಲ್ಲಿ ಆ ಲೈನು ತಾನಾಗಿಯೇ ಟ್ರಿಪ್ ಆಗಿ ಅದರ ಹಿಡಿ ಕೆಳಗೆ ಬೀಳುತ್ತದೆ. ಆಷಾಢದಲ್ಲಿ ದಿನಕ್ಕೆ ಇಪ್ಪತ್ತು ಸಲ ಹೀಗಾಗುವಾಗ ಪ್ರತಿ ಸಲವೂ ಯಾರನ್ನು ಕೇಳುತ್ತ ಕೂರುವುದು? ಆಪರೇಟರ್ ಶಂಭುಲಿಂಗಯ್ಯ ಗೋಡೆಯ ಗಡಿಯಾರ ನೋಡಿಕೊಂಡು ಸರಿಯಾಗಿ ಎರಡು ನಿಮಿಷ ತಡೆಯುತ್ತಿದ್ದ, ಆಮೇಲೆ ಲೈನಿನ ಹಿಡಿಯನ್ನು ಮತ್ತೆ ಮೇಲಕ್ಕೆ ಎತ್ತುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಗರಿ ಸುಟ್ಟು ಕೆಳಗೆ ಉದುರಿರುತ್ತಿತ್ತು, ಕರೆಂಟು ಮತ್ತೆ ಹೋಗದೆ ಉಳಿಯುತ್ತಿತ್ತು. ಇಪ್ಪತ್ತೆರಡು ವರ್ಷ ಅವನ ನೌಕರಿ ಹೀಗೇ ಸಾಗಿತ್ತು.

ಅವನ ಕೈ ತಡೆಯುತ್ತಿದ್ದುದು ಒಂದೇ ವಸ್ತು, ಟವೆಲ್ಲು. ಕಂಬ ಹತ್ತಬೇಕಾದ ಲೈನ್‌ಮ್ಯಾನ್ ಮೊದಲು ಸಬ್‌ಸ್ಟೇಷನ್ನಿಗೆ ಖುದ್ದಾಗಿ ಬರುತ್ತಿದ್ದ. ತನ್ನ ಕಣ್ಣೆದುರೇ ಲೈನು ಬಂದ್ ಮಾಡಿಸಿ, ಹೆಗಲ ಮೇಲಿನ ಟವೆಲ್ಲನ್ನು ಆ ಹಿಡಿಗೆ ಬಿಗಿದು ಗಂಟು ಹಾಕಿ ಹೋಗುತ್ತಿದ್ದ. ಗಂಟು ಹಾಕಿದವನೇ ಬಂದು ಬಿಚ್ಚಬೇಕು. ಸಹಿ ಹಾಕುವ ಪುಸ್ತಕವೂ ಇತ್ತು, ‘ಕೆಲಸ ನಡೆದಿದೆ’ ಎಂಬ ಬೋರ್ಡೂ ಇತ್ತು. ಆದರೆ ಲೈನ್‌ಮ್ಯಾನುಗಳು ನಂಬುತ್ತಿದ್ದುದು ತಮ್ಮ ಬೆವರು ಹೀರಿದ ಬಟ್ಟೆಯನ್ನು. ಇಂಜಿನಿಯರೇ ಬಂದು ಹೇಳಿದರೂ ಶಂಭುಲಿಂಗಯ್ಯ ಇನ್ನೊಬ್ಬರ ಟವೆಲ್ಲಿಗೆ ಕೈ ಹಾಕುತ್ತಿರಲಿಲ್ಲ.

ಅಂಥ ಟವೆಲ್ಲನ್ನು ಬಿಚ್ಚಿ, ನೀಟಾಗಿ ಮಡಿಸಿ, ಮೇಜಿನ ಮೇಲಿಟ್ಟವಳು ನಿಖತ್.

ನಿಖತ್ ಕೆಟ್ಟ ಹುಡುಗಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ಅರಳಗುಪ್ಪೆ ರಸ್ತೆ ಶುರುವಾಗುವಲ್ಲಿ ಪಂಪ್‌ಸೆಟ್ ಮೋಟಾರು ರೀವೈಂಡಿಂಗ್ ಅಂಗಡಿ ಇಟ್ಟಿದ್ದ ಮುನಾವರ್ ಸಾಬರ ಒಬ್ಬಳೇ ಮಗಳು. ಕಂಪ್ಯೂಟರ್ ಡಿಪ್ಲೊಮಾ ಓದುತ್ತೇನೆ ಎಂದಾಗ ಅಪ್ಪ ಅನುಮಾನಿಸಿದ್ದ. ಆಗ ಅಂಗಡಿಯ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ ಲೈನ್‌ಮ್ಯಾನ್ ದುರ್ಗಯ್ಯ, “ಕಲೀಲಿ ಬುಡಿ ಸಾಬ್ರೇ. ನಿಮ್ಮಂಗೆ ತಾಮ್ರದ ತಂತಿ ಸುತ್ಕಂಡು ಅವಳೂ ಕೈ ಕಪ್ಪು ಮಾಡ್ಕಬೇಕಾ?” ಎಂದು ಅಪ್ಪನ ಬಾಯಿ ಮುಚ್ಚಿಸಿದ್ದ. ಕಾಲೇಜಿನ ಅರ್ಜಿ ತಂದುಕೊಟ್ಟವನೂ ಅವನೇ. ಮಕ್ಕಳಿಲ್ಲದ ದುರ್ಗಯ್ಯನಿಗೆ ಅವಳು ‘ಮಗಾ’, ಅವಳಿಗೆ ಅವನು ‘ದುರ್ಗಯ್ಯ ಚಾಚಾ’.

ಎರಡು ಸಾವಿರದ ಎಂಟರಲ್ಲಿ, ಸುತ್ತಿನ ನಲವತ್ತು ಹಳ್ಳಿಗೆ ಕರೆಂಟು ಹಂಚುತ್ತಿದ್ದ ವಿದ್ಯುತ್ ಸಹಕಾರ ಸಂಘದವರು ತಮ್ಮ ಲೈನುಗಳನ್ನೆಲ್ಲ ಕಂಪ್ಯೂಟರಿನಲ್ಲಿ ತೋರಿಸುವ ಕೆಲಸವನ್ನು ನಿಖತ್‌ಗೆ ಕೊಟ್ಟರು. ಅವಳು ಅದನ್ನು ಫ್ಲೆಕ್ಸ್ ಎಂಬ ಹೊಸ ಸಾಫ್ಟ್‌ವೇರಿನಲ್ಲಿ ಕಟ್ಟಿದಳು. ಫ್ಲೆಕ್ಸ್ ಎಂದರೆ ಪುಢಾರಿಗಳ ಹುಟ್ಟುಹಬ್ಬದ ಬ್ಯಾನರ್ ಎಂದೇ ತಿಳಿದಿದ್ದ ಊರು ಅದು. ಆದರೆ ಪುಟ ತೆರೆದಾಗ ನೋಡಿದವರು ಬಾಯಿ ಬಿಟ್ಟುಕೊಂಡು ನಿಂತರು. ಹಸಿರು ನಕ್ಷೆ, ಅದರ ಮೇಲೆ ಲೈನುಗಳು. ಕರೆಂಟು ಹರಿಯುವ ಲೈನು ಕೆಂಪಗೆ ಮಿನುಗುತ್ತಿತ್ತು, ಆರಿಸಿದ ಲೈನು ಬೂದು ಬಣ್ಣಕ್ಕೆ ತಿರುಗುತ್ತಿತ್ತು. ‘ಲೈನ್ ಕ್ಲಿಯರ್’ ಎಂಬ ಗುಂಡಿ ಒತ್ತಿದರೆ ಕಂಬ ಹತ್ತುವ ಪುಟ್ಟ ಮನುಷ್ಯನೊಬ್ಬ ಬೂದು ಗೆರೆಯ ಮೇಲೆ ಬಂದು ನಿಲ್ಲುತ್ತಿದ್ದ.

ಇಷ್ಟೆಲ್ಲ ಚಂದ ಇದ್ದರೂ ಆ ಚಿತ್ರಕ್ಕೆ ಸ್ವಂತ ತಿಳಿವಳಿಕೆ ಎಂಬುದು ಇರಲಿಲ್ಲ. ಯಾವ ಲೈನು ಜೀವಂತ, ಯಾವುದು ಆರಿದೆ ಎಂಬ ನಿಜ ಇದ್ದದ್ದು ಡೇಟಾಬೇಸಿನಲ್ಲಿ. ಡೇಟಾಬೇಸ್ ಇದ್ದದ್ದು ಊರಾಚೆ ಸಬ್‌ಸ್ಟೇಷನ್ನಿನ ಕಂಪ್ಯೂಟರಿನಲ್ಲಿ. ಶಂಭುಲಿಂಗಯ್ಯ ಹಿಡಿ ಎತ್ತಿದಾಗ, ಇಳಿಸಿದಾಗ ಅಲ್ಲಿ ಒಂದು ಗುಂಡಿ ಒತ್ತುತ್ತಿದ್ದ. ಪೇಟೆಯ ಆಫೀಸಿನ ಪರದೆ ಐದು ಸೆಕೆಂಡಿಗೊಮ್ಮೆ ಇಂಟರ್ನೆಟ್ಟಿನ ಮೂಲಕ ಅಲ್ಲಿಗೆ ಹೋಗಿ, ಈಗ ಹೇಗಿದೆ ಎಂದು ಕೇಳಿಕೊಂಡು ಬರಬೇಕಿತ್ತು. ನಿಖತ್‌ಗೆ ಮೂರು ತಿಂಗಳು ಹಿಡಿದದ್ದು ಚಿತ್ರವಲ್ಲ, ಈ ಹೋಗಿ ಬರುವ ದಾರಿ.

ಉದ್ಘಾಟನೆಗೆ ಒಂದು ದಿನ ಮುಂಚೆ ಆ ದಾರಿ ಕೈಕೊಟ್ಟಿತು. ಇಂಟರ್ನೆಟ್ ಹೋಯಿತು, ಡೇಟಾಬೇಸಿನಿಂದ ಉತ್ತರ ಬರಲಿಲ್ಲ, ನಕ್ಷೆ ಪೂರ್ತಿ ಮಾಯವಾಗಿ ‘ಸಂಪರ್ಕ ಇಲ್ಲ’ ಎಂಬ ಎರಡೇ ಪದ ಉಳಿದವು. ಸಂಘದ ಇಂಜಿನಿಯರ್ ರೇಣುಕಪ್ರಸಾದ್ ಖಾಲಿ ಪರದೆಗೆ ಬೆರಳು ತೋರಿಸಿದ.

“ಅಲ್ಲಮ್ಮಾ, ನಾಳೆ ಅಧ್ಯಕ್ಷರ ಮುಂದೆ ಹಿಂಗೆ ಖಾಲಿ ಬಂದ್ರೆ ನನ್ ಮುಖಕ್ಕೆ ಮಸಿ ಬಳಿದಂಗೆ ಆಯ್ತದೆ. ಏನಾರ ಮಾಡು, ಚಿತ್ರ ಮಾತ್ರ ಹೋಗಬಾರ್ದು ಕಣಮ್ಮ.”

ಅವಳು ಮಾಡಿದಳು. ಅಲ್ಲೇ ಕೂತು ಹನ್ನೊಂದು ಸಾಲು ಬರೆದಳು, ಅಷ್ಟೇ. ಉತ್ತರ ಬರದಿದ್ದರೆ ಗಾಬರಿ ಬೇಡ, ಕೊನೆಯ ಸಲ ಬಂದ ಚಿತ್ರವನ್ನೇ ತೋರಿಸುತ್ತಿರು. ಯಾರಾದರೂ ಗುಂಡಿ ಒತ್ತಿದರೆ ಅದನ್ನು ಇಟ್ಟುಕೊಂಡಿರು, ಸಂಪರ್ಕ ಬಂದ ಮೇಲೆ ಕಳಿಸು. ಸದ್ಯಕ್ಕೆ ‘ಸಂದೇಶ ತಲುಪಿದೆ’ ಎಂದು ಹೇಳು. ತಲುಪಿರದಿದ್ದರೂ ಹಾಗೇ ಹೇಳು. ಆ ಕೊನೆಯ ಸಾಲು ಬರೆಯುವಾಗ ಅವಳಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಉದ್ಘಾಟನೆ ಮುಗಿದ ಕೂಡಲೇ ತೆಗೆದುಹಾಕಿದರಾಯಿತು ಎಂದುಕೊಂಡಳು.

ಮಾರನೆಯ ದಿನ ಸಬ್‌ಸ್ಟೇಷನ್ನಿನಲ್ಲಿ ಫೋಟೋ ತೆಗೆಯುವವನು ಬಂದಾಗ, ಹೊಸ ಕಂಪ್ಯೂಟರಿನ ಹಿಂದೆಯೇ ಅರಳಗುಪ್ಪೆ ಲೈನಿನ ಹಿಡಿಗೆ ಕೆಂಪು ಚೌಕಳಿಯ ಟವೆಲ್ಲೊಂದು ಜೋತಾಡುತ್ತಿತ್ತು. ದುರ್ಗಯ್ಯನದು. ಬೆಳಗಿನ ಕೆಲಸ ಮುಗಿಸಿ ಬಿಚ್ಚಲು ಅವನು ಆಗ ತಾನೇ ಒಳಗೆ ಬಂದಿದ್ದ. ಅಷ್ಟರಲ್ಲಿ ನಿಖತ್ ತಾನೇ ಗಂಟು ಬಿಚ್ಚಿದ್ದಳು. ಶಂಭುಲಿಂಗಯ್ಯ ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ನಿಂತುಬಿಟ್ಟ.

“ಏನ್ ಮಗಾ, ನನ್ ಟವೆಲ್ಲು ನಿನ್ ಟೀವಿಗೆ ಅಡ್ಡ ಬಂತಾ?” ಎಂದು ದುರ್ಗಯ್ಯ ನಕ್ಕ.

“ಇನ್ಮೇಲೆ ಇದು ಬೇಡ ಚಾಚಾ. ನೀವು ಇಲ್ಲಿಗಂಟ ಬರೋದೂ ಬೇಡ. ಆಫೀಸಿಗೆ ಒಂದು ಫೋನ್ ಮಾಡಿ ಸಾಕು. ಅಲ್ಲಿ ಗುಂಡಿ ಒತ್ತಿದ್ರೆ ಇಲ್ಲಿ ಶಂಭುಲಿಂಗಯ್ಯನೋರಿಗೆ ಕಾಣುತ್ತೆ, ಇವರು ಲೈನ್ ಆರಿಸ್ತಾರೆ, ಅಲ್ಲಿ ಬೂದು ಬರುತ್ತೆ. ಬೂದು ಅಂದ್ರೆ ಲೈನಲ್ಲಿ ಜೀವ ಇಲ್ಲ ಅಂತ.”

“ನೀನು ಹೇಳ್ತೀಯಾ ಅಂದ್ಮೇಲೆ ಮುಗೀತು ಬುಡು. ನನ್ ಮಂಡಿನೂ ಈಗೀಗ ಮಾತು ಕೇಳಾಕಿಲ್ಲ.”

ಶಂಭುಲಿಂಗಯ್ಯ ಮಾತ್ರ ಗೊಣಗಿದ. “ಹಿಡೀಗೆ ಏನೂ ಕಟ್ಟದಿದ್ರೆ ನನ್ ಕೈ ನಿಲ್ಲಾಕಿಲ್ಲ ಕಣ್ರವ್ವ. ಟ್ರಿಪ್ ಆಯ್ತಾ, ಎರಡು ನಿಮಿಷ, ಎತ್ತು. ಅಷ್ಟೇ ನಂಗೆ ಗೊತ್ತಿರೋದು.” ಅವನ ಮಾತನ್ನು ಅಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಧ್ಯಕ್ಷರ ಕಾರು ಬಂದಿತ್ತು.

ಆಮೇಲೆ ಹನ್ನೊಂದು ದಿನ ಕಳೆದವು. ಒಂದು ದಿನ ತಲೆನೋವು, ಒಂದು ದಿನ ನೊಣವಿನಕೆರೆಯಲ್ಲಿ ನೆಂಟರ ಮದುವೆ, ಇನ್ನೊಂದು ದಿನ ರೇಣುಕಪ್ರಸಾದ್ ನಕ್ಷೆಗೆ ಸಂಘದ ಲಾಂಛನ ಬೇಕೆಂದ. ಆ ಹನ್ನೊಂದು ಸಾಲು ಇದ್ದಲ್ಲೇ ಇದ್ದವು. ತೆಗೆಯಬೇಕೆಂದು ಅವಳಿಗೆ ದಿನವೂ ನೆನಪಾಗುತ್ತಿತ್ತು, ದಿನವೂ ನಾಳೆ ಎನ್ನುತ್ತಿದ್ದಳು. ನಾವೆಲ್ಲ ಮಾಡುವುದೂ ಅದನ್ನೇ, ಆದರೆ ನಮ್ಮ ಸೋಮಾರಿತನವನ್ನು ನಂಬಿಕೊಂಡು ಮನುಷ್ಯರು ಕಂಬ ಹತ್ತಿರುವುದಿಲ್ಲ.

ಹನ್ನೆರಡನೆಯ ದಿನ ಬೆಳಗಿನಿಂದಲೇ ಗಾಳಿ. ಅಂಗಡಿಯ ಶೀಟು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅಪ್ಪನಿಗೆ ಊಟ ತಂದಿದ್ದ ನಿಖತ್, ಲ್ಯಾಪ್‌ಟಾಪ್ ಬಿಚ್ಚಿ ಹೊಸ ಲಾಂಛನ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದಳು. ನಕ್ಷೆಯಲ್ಲಿ ಅರಳಗುಪ್ಪೆ ಲೈನು ಬೂದಾಗಿತ್ತು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆ ಲೈನಿಗೆ ಮೂರು ಗಂಟೆಗೇ ಕರೆಂಟು ಕೊಡುತ್ತಿದ್ದುದು, ಅಲ್ಲಿವರೆಗೆ ಲೋಡ್‌ಶೆಡ್ಡಿಂಗ್. ಬೂದು ಗೆರೆಯ ಮೇಲೆ ಆ ಪುಟ್ಟ ಮನುಷ್ಯನೂ ಇರಲಿಲ್ಲ, ಏಕೆಂದರೆ ಅವನು ಗುಂಡಿ ಒತ್ತಿದವರ ಪರದೆಯ ಮೇಲೆ ಮೊದಲು ಕಾಣುತ್ತಿದ್ದ, ಡೇಟಾಬೇಸಿಗೆ ತಲುಪಿದ ಮೇಲಷ್ಟೇ ಉಳಿದವರಿಗೆ.

“ಬಂತು ನೋಡು ಕರೆಂಟು,” ಎಂದ ಮುನಾವರ್.

ನಿಖತ್ ತಲೆಯೆತ್ತಿದಳು. ಮೋಟಾರು ಪರೀಕ್ಷೆ ಮಾಡಲು ಅಪ್ಪ ಗೋಡೆಯ ಹಲಗೆಗೆ ಮೂರು ದೀಪ ಹಾಕಿದ್ದ, ಫೇಸಿಗೊಂದರಂತೆ. ಮೂರೂ ನಿಗಿನಿಗಿ ಉರಿಯುತ್ತಿದ್ದವು. ಅಂಗಡಿಗೆ ಬರುತ್ತಿದ್ದುದು ಅರಳಗುಪ್ಪೆ ಲೈನಿನ ಕರೆಂಟೇ. ಅವಳು ಪರದೆ ನೋಡಿದಳು. ಬೂದು. ಐದು ಸೆಕೆಂಡು ಕಾದಳು. ಬೂದು. ಇನ್ನೂ ಐದು ಸೆಕೆಂಡು ಕಾದಳು. ಪರದೆಯ ಮೂಲೆಯ ಗಡಿಯಾರದಲ್ಲಿ ಆಗ ತಾನೇ ಮೂರು ಗಂಟೆಯಾಗಿತ್ತು. ಡೇಟಾಬೇಸಿನಿಂದ ಕೊನೆಯ ಉತ್ತರ ಬಂದದ್ದು ಯಾವಾಗ ಎಂದು ಒಳಗೆ ಹುಡುಕಿದಳು. ಎರಡು ನಲವತ್ತೊಂದಕ್ಕೆ.

ಪರದೆ ತೋರಿಸುತ್ತಿದ್ದುದು ಹತ್ತೊಂಬತ್ತು ನಿಮಿಷ ಹಳೆಯ ಚಿತ್ರ. ಆಫೀಸಿಗೆ ಫೋನ್ ಮಾಡಿದಳು. ರೇಣುಕಪ್ರಸಾದ್ ಖುಷಿಯಲ್ಲಿದ್ದ.

“ಸಾರ್, ಅರಳಗುಪ್ಪೆ ಲೈನಲ್ಲಿ ಯಾರಾದ್ರೂ ಕೆಲಸಕ್ಕೆ ಹೋಗಿದಾರಾ?”

“ಹ್ಞೂಂ ಕಣಮ್ಮ, ದುರ್ಗಯ್ಯ. ಕೆರೆ ಏರಿ ಕೆಳಗೆ ತಂತಿ ಮೇಲೆ ಗರಿ ನೇತಾಡ್ತೈತಂತೆ. ಎರಡು ಐವತ್ತಕ್ಕೇ ಲೈನ್ ಕ್ಲಿಯರ್ ಒತ್ತಿದೀನಿ. ಸಂದೇಶ ತಲುಪಿದೆ ಅಂತ ಬಂತು, ಗೆರೆನೂ ಬೂದಾಗೈತೆ. ಹತ್ತಪ್ಪಾ ಅಂದೆ. ತೋಟದೊಳಗೆ ನಡ್ಕಂಡ್ ಹೋಗ್ಬೇಕು, ಇಷ್ಟೊತ್ತಿಗೆ ಹತ್ತಿರ್ತಾನೆ.”

“ಸಾರ್, ಲೈನಲ್ಲಿ ಕರೆಂಟಿದೆ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ. ಈಗಲೇ ಮಾಡಿ!”

“ಅದು ಸತ್ತೋಗೈತಲ್ಲಮ್ಮ. ರಸ್ತೆ ಅಗಲ ಮಾಡೋರು ಕೇಬಲ್ ಕಿತ್ತಾಕವ್ರೆ. ಎರಡೂ ಮುಕ್ಕಾಲಿಂದ ಡಯಲ್ ಟೋನೇ ಇಲ್ಲ.” ಆಮೇಲೆ ಅವನ ದನಿ ಸಣ್ಣದಾಯಿತು. “ಕರೆಂಟು ಹೆಂಗಿರುತ್ತಮ್ಮಾ? ಬೂದು ತೋರಿಸ್ತಾ ಐತಲ್ಲ ನಿಂದು?”

ಫೋನು ಸತ್ತ ಕೇಬಲ್ಲಿನಲ್ಲೇ ಇಂಟರ್ನೆಟ್ಟೂ ಸತ್ತಿತ್ತು. ಶಂಭುಲಿಂಗಯ್ಯ ಮೊಬೈಲು ಇಟ್ಟುಕೊಂಡವನೇ ಅಲ್ಲ. ಗುಂಡಿಯ ಸಂದೇಶ ಅವನಿಗೆ ತಲುಪಿರಲಿಲ್ಲ, ಮೂರು ಹೊಡೆದ ಕೂಡಲೇ ಅವನು ವೇಳಾಪಟ್ಟಿ ಪ್ರಕಾರ ಹಿಡಿ ಎತ್ತಿದ್ದ. ತಪ್ಪು ಅವನದಲ್ಲ. ನಿಖತ್‌ಗೆ ಅದು ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಾಗುವ ಮುಂಚೆಯೇ ಗೊತ್ತಿತ್ತು.

ಅವಳು ದುರ್ಗಯ್ಯನ ನಂಬರಿಗೆ ಮಾಡಿದಳು. ರಿಂಗಾಗುತ್ತಿತ್ತು. ಕಂಬ ಹತ್ತುವಾಗ ಅವನು ಮೊಬೈಲನ್ನು ಚೀಲದಲ್ಲಿ ಹಾಕಿ ಬುಡದಲ್ಲಿಡುತ್ತಿದ್ದ. “ಹತ್ತಬೇಡಿ ಚಾಚಾ, ಎತ್ತಿ, ಫೋನ್ ಎತ್ತಿ,” ಎಂದು ಅವಳು ಗಟ್ಟಿಯಾಗಿಯೇ ಹೇಳುತ್ತಿದ್ದಳು. ಮುನಾವರ್ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಎದ್ದು ನಿಂತ.

“ಏನಾಯ್ತು ಬೇಟಾ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಮೂರು ದೀಪಗಳೂ ಒಂದು ಸಲ ಮಂಕಾಗಿ, ಒಟ್ಟಿಗೇ ಆರಿದವು.

ಲ್ಯಾಪ್‌ಟಾಪಿನ ಮೇಲೆ ಅರಳಗುಪ್ಪೆ ಲೈನು ಬೂದಾಗಿಯೇ ಇತ್ತು. ಹನ್ನೊಂದು ಸಾಲು ಬರೆದು ಅವಳು ಹೇಳಿಸಿದ್ದ ಸುಳ್ಳು ಈಗ ನಿಜವಾಗಿತ್ತು.

“ಗರಿ ಬಿದ್ದಿರ್ಬೇಕು, ಟ್ರಿಪ್ ಆಯ್ತು,” ಎಂದ ಅಪ್ಪ, ಅಭ್ಯಾಸಬಲದಿಂದ.

“ಗರಿ ಅಲ್ಲ ಅಬ್ಬಾಜಾನ್! ಲೈನಲ್ಲಿ ದುರ್ಗಯ್ಯ ಚಾಚಾ ಇದಾರೆ! ಎರಡು ನಿಮಿಷಕ್ಕೆ ಅಯ್ಯನೋರು ಮತ್ತೆ ಎತ್ತಿಬಿಡ್ತಾರೆ, ಹೋಗಿ, ಸಬ್‌ಸ್ಟೇಷನ್ನಿಗೆ ಹೋಗಿ!”

ಮುನಾವರ್ ಒಂದು ಮಾತೂ ಕೇಳದೆ ಮೊಪೆಡ್ಡು ತುಳಿದುಕೊಂಡು ಹೊರಟ. ಚಪ್ಪಲಿ ಅಂಗಡಿಯಲ್ಲೇ ಉಳಿಯಿತು. ಸಬ್‌ಸ್ಟೇಷನ್ನಿಗೆ ಮೂರು ಕಿಲೋಮೀಟರು, ಅಗೆದು ಹಾಕಿದ ರಸ್ತೆ, ಎದುರು ಗಾಳಿ. ಎಂಟು ನಿಮಿಷಕ್ಕೆ ಕಡಿಮೆ ಯಾರಿಂದಲೂ ಆಗುತ್ತಿರಲಿಲ್ಲ.

ನಿಖತ್ ಫೋನು ಕಿವಿಗೆ ಒತ್ತಿಕೊಂಡು ದೀಪಗಳನ್ನೇ ನೋಡುತ್ತ ನಿಂತಳು. ರಿಂಗಾಗಿ ಆಗಿ ನಿಲ್ಲುತ್ತಿತ್ತು, ಮತ್ತೆ ಮಾಡುತ್ತಿದ್ದಳು. ಜೀವ ಇರಬಹುದು ಎಂದುಕೊಂಡಳು. ಒಂದು ಹೊಡೆತಕ್ಕೆ ಬದುಕಿದವರಿದ್ದಾರೆ, ಸೊಂಟದ ಪಟ್ಟಿಯಲ್ಲಿ ನೇತುಬಿದ್ದಿದ್ದರೂ ಉಸಿರಿರಬಹುದು, ಯಾರಾದರೂ ಇಳಿಸಿಕೊಳ್ಳಬಹುದು. ಶಂಭುಲಿಂಗಯ್ಯ ಈಗ ಗಡಿಯಾರ ನೋಡುತ್ತಿರುತ್ತಾನೆ. ಅವನ ಮುಂದೆ ಬರಿ ಹಿಡಿ. ಬಿಚ್ಚಿದ ಗಂಟು ಎಷ್ಟು ಬಿಗಿಯಾಗಿತ್ತು, ಬಿಚ್ಚಲು ಹಲ್ಲು ಹಚ್ಚಬೇಕಾಗಿ ಬಂದಿತ್ತು ಎಂಬುದು ಅವಳಿಗೆ ನೆನಪಾಯಿತು. ಬಾಯಿಗೆ ಬಂದಿದ್ದ ಬೆವರಿನ ಉಪ್ಪು ಕೂಡ ನೆನಪಾಯಿತು. ಯಾ ಅಲ್ಲಾ, ಇವತ್ತೊಂದು ದಿನ ಅವನು ಎತ್ತದಿರಲಿ, ಟೀ ಕುಡಿಯಲು ಹೋಗಿರಲಿ, ಕಣ್ಣು ಹತ್ತಿ ಮಲಗಿರಲಿ ಎಂದು ಬೇಡಿಕೊಂಡಳು.

ಶಂಭುಲಿಂಗಯ್ಯ ಕೆಲಸಗಳ್ಳನಾಗಿರಲಿಲ್ಲ. ಸರಿಯಾಗಿ ಎರಡು ನಿಮಿಷಕ್ಕೆ ಮೂರೂ ದೀಪ ಹತ್ತಿಕೊಂಡವು. ಎರಡು ಕ್ಷಣ ಉರಿದು, ಮತ್ತೆ ಒಟ್ಟಿಗೇ ಆರಿದವು.

ಅವಳು ನೆಲದ ಮೇಲೆ, ತಾಮ್ರದ ತಂತಿಯ ಚೂರುಗಳ ನಡುವೆ ಕೂತಳು. ಬೆರಳು ಮಾತ್ರ ಮತ್ತೆ ಅದೇ ನಂಬರು ಒತ್ತಿತು. ಈ ಸಲ ಯಾರೋ ಎತ್ತಿದರು. ಗಾಳಿಯ ಸದ್ದು, ಹೆಂಗಸೊಬ್ಬಳು ಅಳುವ ಸದ್ದು, ಆಮೇಲೆ ಪರಿಚಯವಿಲ್ಲದ ಗಂಡಸಿನ ದನಿ.

“ಹಲೋ, ಯಾರವ್ವಾ? ಈ ಫೋನ್ ಕಂಬದ ಬುಡದಾಗೆ ಹೊಡ್ಕಂತಾನೇ ಇತ್ತು, ಅದ್ಕೇ ಎತ್ದೆ. ಈವಯ್ಯಂಗೆ ನೀವೇನಾಗ್ಬೇಕು?”

ನಿಖತ್ ಒಮ್ಮೆ ಆರಿದ ದೀಪಗಳ ಕಡೆ ನೋಡಿದಳು.

“ಮಗಳು,” ಎಂದಳು.