ಒದರದ ಮರಿ

೧೯೬೨ರ ಜನವರಿ ಹತ್ತು, ಬುಧವಾರ, ಮುಂಜಾನೆ ಏಳೂವರೆ. ಮೇಲವಂಕಿಯ ಕುರಿಹಟ್ಟಿಯಲ್ಲಿ ಉಣ್ಣೆ ತೂಗುವ ತಕ್ಕಡಿಯ ತಟ್ಟೆಯಲ್ಲಿ ಫಕೀರವ್ವ ತನ್ನ ಇಪ್ಪತ್ತು ದಿನದ ಮಗಳನ್ನು ಮಲಗಿಸಿದಳು. ಕೂಸಿಗೆ ಸುತ್ತಿದಂಥದೇ ಇನ್ನೊಂದು ಅರಿವೆಯನ್ನು ಎದುರಿನ ತಟ್ಟೆಗೆ ಹಾಕಿ, ಆಮೇಲೆ ತೂಕದ ಕಲ್ಲು ಇಟ್ಟಳು. ಎರಡು ಕಿಲೋ ಇನ್ನೂರು ಗ್ರಾಂ.

"ಕೂಸಿನ್ನ ಉಣ್ಣಿ ತೂಗಿದಂಗ ತೂಗತಾರೇನ? ದೃಷ್ಟಿ ಆಗತೈತಿ," ಅತ್ತೆ ಶೆಟ್ಟೆವ್ವ ಗದರಿದಳು.

"ತೂಗದಿದ್ರ ಸೊರಗೂದು ನಿಲ್ತೈತೇನ್ರಿ ಅತ್ತಿ?"

"ನಿನ್ನ ಹಾಲು ಸಾಲವಲ್ದು. ಮುಂದಿನ ಬುಧವಾರ ಮಟ ನೋಡತೇನಿ. ಮೈ ಹಿಡೀಲಿಲ್ಲಂದ್ರ ಆಡಿನ ಹಾಲು, ಅರಿವಿ ಬತ್ತಿ ಅದ್ದಿ ಬಾಯಾಗ ಹಿಂಡೂದ."

ಹೋದ ವರ್ಷ ಬಾಜೂಮನೆಯ ಕೂಸು ಆಡಿನ ಹಾಲು ಕುಡಿದು ಭೇದಿಯಾಗಿ ತೀರಿಕೊಂಡಿತ್ತು. ಫಕೀರವ್ವ ಕೂಸನ್ನು ತಕ್ಕಡಿಯಿಂದ ಎತ್ತಿ ಎದೆಗವಚಿಕೊಂಡಳು.

ಕುರಿಮರಿ ಹಸಿದು ಒದರಿದಾಗ ತಾಯಿಗೆ ಬಿಡುವುದು ಅವಳು ಚಿಕ್ಕಂದಿನಿಂದ ಕಂಡ ಪದ್ಧತಿ. ಮಗಳಿಗೂ ಅತ್ತಾಗಷ್ಟೇ ಎದೆ ಕೊಡುತ್ತಿದ್ದಳು. ಕೂಸು ಅಳುತ್ತಿದ್ದುದೇ ಕಡಿಮೆ. 'ಬಾಳ ಶಾಣ್ಯಾ' ಎಂದು ಕೇರಿಯೆಲ್ಲ ಹೊಗಳಿತ್ತು, ಅವಳೂ ಹಿಗ್ಗಿದ್ದಳು.

ಅಂದು ಸಂಜೆ ಗಂಡ ಮಾಲಿಂಗಪ್ಪ ಮರಿಗಳ ಗೂಡು ತೆರೆದ. ಒದರುವ ಮರಿಗಳನ್ನೆಲ್ಲ ದಾಟಿ, ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ಒಂದನ್ನು ಎತ್ತಿಕೊಂಡ.

"ಇಷ್ಟು ಒದರಾಕತ್ತಾವು, ಸುಮ್ಮಿದ್ದದ್ದನ್ನ ಯಾಕ ಹಿಡದ್ರಿ?"

"ಒದರಾಕೂ ಕಸುವು ಬೇಕಲ್ಲ? ಇದರ ಬಾಯಿ ನೋಡು."

ಮರಿ ಬರೀ ನಾಲಗೆ ಆಡಿಸುತ್ತಿತ್ತು.

ಫಕೀರವ್ವ ಒಳಗೆ ಹೋಗಿ ತೊಟ್ಟಿಲ ಪಕ್ಕ ಕೂತಳು, ಕಣ್ಣು ಕೀಳದೆ. ಸ್ವಲ್ಪ ಹೊತ್ತಿಗೆ ಕೂಸಿನ ಮುಷ್ಟಿ ಗಲ್ಲಕ್ಕೆ ಸರಿಯಿತು. ತುಟಿ ಚಪ್ಪರಿಸಿತು, ಸದ್ದಿಲ್ಲದೆ. ಮುಖ ಅತ್ತಿತ್ತ ಹೊರಳಿಸಿ, ಏನೂ ಸಿಗದೆ ಮತ್ತೆ ನಿದ್ದೆಗೆ ಜಾರಿತು. ಕೂಸು ದಿನಾ ಹೀಗೆಯೇ ಹಾಲು ಕೇಳಿತ್ತು. ತಾನು ಮಾತ್ರ ಅಳುವಿಗೆ ಕಿವಿಕೊಟ್ಟು ಕೂತಿದ್ದಳು.

ಆ ಗಳಿಗೆಯಿಂದ ಕೂಸು ತೊಟ್ಟಿಲು ಬಿಟ್ಟು ಮಡಿಲಿಗೆ ಬಂತು. ಮುಷ್ಟಿ ಅಲುಗಿದರೆ ಎದೆಗೆ. ಕುಡಿಯುತ್ತ ತೂಕಡಿಸಿದರೆ ಅಂಗಾಲು ತಿಕ್ಕಿ ಎಬ್ಬಿಸಿದಳು. ಕುಡಿಸಿದಾಗೊಮ್ಮೆ ಗೋಡೆಗೆ ಇದ್ದಿಲಿನ ಗೆರೆ ಎಳೆದಳು. ಮೊದಲ ದಿನ ಏಳು, ಮೂರನೆಯ ದಿನ ಹನ್ನೊಂದು.

"ಗ್ವಾಡಿ ಮ್ಯಾಲ ಏನ ಗೀಚತಿ, ಮಾಸ್ತರ್ತಿ?"

"ನಿಮ್ಮ ಮೊಮ್ಮಗಳ ಊಟರಿ."

ಭಾನುವಾರ ಮುಂಜಾನೆ ಕೂಸು ಮನೆ ಹಾರುವಂತೆ ಅತ್ತಿತು.

"ಶಾಣ್ಯಾ ಕೂಸಿನ್ನ ಕೆಡಿಸಿದಿ ನೋಡು!" ಶೆಟ್ಟೆವ್ವ ಒದರಿದಳು.

"ಕಸುವು ಬಂದೈತ್ರಿ ಅತ್ತಿ," ಫಕೀರವ್ವ ಕುಪ್ಪಸ ಸಡಿಲಿಸುತ್ತ ನಕ್ಕಳು.

ಬುಧವಾರ ಮತ್ತೆ ಏಳೂವರೆಗೆ, ಅಂದಿನಂತೆಯೇ ಹಾಲು ಕುಡಿಸುವ ಮೊದಲು, ಅದೇ ಅರಿವೆಯಲ್ಲಿ ಕೂಸನ್ನು ತಕ್ಕಡಿಗೆ ಇಟ್ಟಳು. ಈ ಸಲ ಕಲ್ಲು ಇಟ್ಟವಳು ಶೆಟ್ಟೆವ್ವ. ಹೋದ ವಾರದಷ್ಟು ಇಟ್ಟಳು. ಕೂಸಿನ ತಟ್ಟೆ ಏಳಲಿಲ್ಲ.

"ಇನ್ನೂ ಹಾಕ್ರಿ," ಎಂದಳು ಫಕೀರವ್ವ.

ಮುದುಕಿ ಒಂದು ಕಲ್ಲು ಹಾಕಿದಳು, ಇನ್ನೊಂದು ಹಾಕಿದಳು. ಮುಳ್ಳು ನೆಟ್ಟಗೆ ನಿಂತಿತು. ಎರಡು ಕಿಲೋ ನಾನೂರ ಐವತ್ತು ಗ್ರಾಂ.